ಶಾಲಾ ಲ್ಯಾಬಿಗೆ ಥಿನ್ ಕ್ಲೈಂಟ್: ಪೆಟ್ಟಿಗೆಯನ್ನು ಕೊನೆಗೆ ಆರಿಸಿ

ಶಾಲೆಗೆ ಕಂಪ್ಯೂಟರ್ ಕೊಡಿಸುವ ಮಾತು ಬಂದೊಡನೆ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಮೊದಲು ಏಳುವ ಪ್ರಶ್ನೆ, ‘ಒಂದಕ್ಕೆ ಎಷ್ಟು ಬೀಳುತ್ತದೆ?’ ಎಂಬುದು. ಹಣ ಹೊಂದಿಸುವವರು ಹಾಗೆ ಕೇಳುವುದು ಸಹಜ. ಆದರೆ ಆ ಪ್ರಶ್ನೆಯಿಂದಲೇ ಕೆಲಸ ಶುರುವಾದರೆ, ಇಪ್ಪತ್ತು ಪೆಟ್ಟಿಗೆ ಬಂದಿಳಿದ ಮೇಲೆ ಅವನ್ನು ತಂತಿಯಲ್ಲಿ ಒಂದಕ್ಕೊಂದು ಜೋಡಿಸುವ ತಕ್ಕ ನೆಟ್‌ವರ್ಕ್ ಸ್ವಿಚ್ ಇಲ್ಲ, ಅರ್ಥಿಂಗ್ ಸರಿಯಿಲ್ಲ, ಸರ್ವರ್ ಸಾಲದು ಎಂಬುದು ಒಂದೊಂದಾಗಿ ಹೊರಬರುತ್ತದೆ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಲ್ಯಾಬ್ ಮಾಡಲು ಹೊರಟವರಿಗೆ ನಾನು ಹೇಳುವ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಕೆಲಸ, ಆಮೇಲೆ ವಿದ್ಯುತ್ತು, ತಂತಿ ಮತ್ತು ಸರ್ವರ್, ಕೊನೆಗೆ ಪೆಟ್ಟಿಗೆ. ಈ ಕ್ರಮದಲ್ಲಿ ಹೋದರೆ ಪೆಟ್ಟಿಗೆಯ ಆಯ್ಕೆ ಅರ್ಧ ತಾನಾಗಿಯೇ ಆಗಿರುತ್ತದೆ, ದುಡ್ಡೂ ಉಳಿಯುತ್ತದೆ.

ಥಿನ್ ಕ್ಲೈಂಟ್ ಎಂದರೆ ಬ್ಯಾಂಕುಗಳ ಕೌಂಟರ್‌ನಲ್ಲಿ ಮಾನಿಟರ್ ಪಕ್ಕ ನಿಲ್ಲಿಸಿರುವ ಪುಸ್ತಕದ ಗಾತ್ರದ ಸಣ್ಣ ಕಂಪ್ಯೂಟರ್. ನಾನು ಪೆಟ್ಟಿಗೆ ಎನ್ನುವುದು ಇದನ್ನೇ. ಇದು ತನಗೆ ಬೇಕಾದ ವ್ಯವಸ್ಥೆಯನ್ನು ಜಾಲದ ಮೂಲಕ ಸರ್ವರ್ ಎಂಬ ಮುಖ್ಯ ಕಂಪ್ಯೂಟರಿನಿಂದ ಪಡೆಯುತ್ತದೆ. ಒಳಗೆ ದೊಡ್ಡ ಹಾರ್ಡ್ ಡಿಸ್ಕ್ ಇರುವುದಿಲ್ಲ, ಬಹುಪಾಲು ಮಾದರಿಗಳಲ್ಲಿ ಫ್ಯಾನೂ ಇರುವುದಿಲ್ಲ. ಕಚೇರಿಗಳು ಕೆಲವು ವರ್ಷ ಬಳಸಿ ಸಗಟಾಗಿ ಹೊರಹಾಕಿದವು ಹಳೆಯ ಸಾಮಾನಿನ ಮಾರುಕಟ್ಟೆಗೆ ಬರುತ್ತವೆ. ಶಾಲೆಗೆ ಒದಗುವುದು ಅವೇ.

ಮಕ್ಕಳು ಏನು ಮಾಡಬೇಕು?

ಒಂದು ಹಾಳೆಯಲ್ಲಿ ಪಟ್ಟಿ ಬರೆಯಿರಿ. ಕನ್ನಡ ಟೈಪಿಂಗ್, ಲಿಬ್ರೆಆಫೀಸ್, ಗಣಿತಕ್ಕೆ ಜಿಯೋಜೀಬ್ರಾ, ಪ್ರೋಗ್ರಾಮಿಂಗ್ ಕಲಿಯಲು ಸ್ಕ್ರ್ಯಾಚ್, ಚಿಕ್ಕ ಮಕ್ಕಳಿದ್ದರೆ ಜಿಕಾಂಪ್ರಿಸ್ ಮತ್ತು ಟಕ್ಸ್ ಪೇಂಟ್, ಫೆಟ್ ವಿಜ್ಞಾನ ಪ್ರಯೋಗಗಳು, ಸರ್ಕಾರದ ದೀಕ್ಷಾ ಜಾಲತಾಣದ ವೀಡಿಯೊಗಳು. ಹೆಚ್ಚಿನ ಶಾಲೆಗಳ ಪಟ್ಟಿ ಇಷ್ಟರಲ್ಲೇ ಮುಗಿಯುತ್ತದೆ, ಇವೆಲ್ಲವೂ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆಯಲ್ಲಿ ಪರವಾನಗಿ ಶುಲ್ಕವಿಲ್ಲದೆ ನಡೆಯುತ್ತವೆ. ‘ಸ್ಯಾಟ್ಸ್ ಕೆಲಸ ಹೇಗೆ?’ ಎಂದು ಮುಖ್ಯ ಶಿಕ್ಷಕರು ಕೇಳಿಯೇ ಕೇಳುತ್ತಾರೆ. ವಿದ್ಯಾರ್ಥಿಗಳ ವಿವರ ದಾಖಲಿಸುವ ಸ್ಯಾಟ್ಸ್ ಬ್ರೌಸರ್‌ನಲ್ಲಿ ತೆರೆಯುವ ಜಾಲತಾಣ, ಲಿನಕ್ಸ್‌ನ ಬ್ರೌಸರ್‌ನಲ್ಲೂ ತೆರೆಯುತ್ತದೆ. ಕೇರಳದ ಸರ್ಕಾರಿ ಶಾಲೆಗಳು ಹಲವು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಪಾಠ ನಡೆಸುತ್ತಿವೆ ಎಂಬುದನ್ನೂ ಸಭೆಗೆ ತಿಳಿಸಿ.

ಕನ್ನಡದ ವಿಷಯಕ್ಕೆ ಎರಡು ಮಾತು. ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಸಿಗುತ್ತದೆ, ಬೇರೇನನ್ನೂ ಕೊಳ್ಳಬೇಕಿಲ್ಲ. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳೂ ಉಚಿತ. ತೊಡಕಾಗುವುದು ಹಳೆಯ ‘ನುಡಿ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆ, ಸುತ್ತೋಲೆಗಳಲ್ಲಿ. ಆ ಫಾಂಟ್ ಇಲ್ಲದ ಕಡೆ ಅವು ಅರ್ಥವಾಗದ ಅಕ್ಷರಗಳ ಸಾಲಾಗಿ ಕಾಣುತ್ತವೆ. ಲ್ಯಾಬ್ ಬರುವ ಮುಂಚೆಯೇ ಅವನ್ನು ಯಾವ ಯಂತ್ರದಲ್ಲೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಮೊದಲ ವಾರದಲ್ಲೇ ‘ಈ ಲಿನಕ್ಸ್‌ಗೆ ಕನ್ನಡ ಬರುವುದಿಲ್ಲ’ ಎಂಬ ದೂರು ಹುಟ್ಟಿಕೊಳ್ಳುತ್ತದೆ, ಒಮ್ಮೆ ಹುಟ್ಟಿದ ದೂರನ್ನು ಅಳಿಸುವುದು ಕಷ್ಟ.

ವಿದ್ಯುತ್ತಿನ ಲೆಕ್ಕ

ಜಗಳೂರು, ಮೊಳಕಾಲ್ಮುರು ಕಡೆಯ ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಕರೆಂಟಿನ ಮಹತ್ವ ವಿವರಿಸಬೇಕಿಲ್ಲ. ಅಂದಾಜು ಲೆಕ್ಕ ಹೀಗೆ ಹಾಕಿ. ಥಿನ್ ಕ್ಲೈಂಟ್‌ಗೆ 15 ವ್ಯಾಟ್, ಎಲ್‌ಇಡಿ ಮಾನಿಟರ್‌ಗೆ 18 ವ್ಯಾಟ್, ಒಟ್ಟು 33. ಇಪ್ಪತ್ತು ಆಸನಕ್ಕೆ 660 ವ್ಯಾಟ್. ಸರ್ವರ್ ಮತ್ತು ಸ್ವಿಚ್ ಸೇರಿಸಿದರೆ 750ರ ಆಸುಪಾಸು. ಅದೇ ಜಾಗದಲ್ಲಿ 80 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್‌ಗಳಿದ್ದರೆ ಮೊತ್ತ 2,000 ವ್ಯಾಟ್ ದಾಟುತ್ತದೆ. ಥಿನ್ ಕ್ಲೈಂಟ್ ಲ್ಯಾಬಿಗೆ ಒಂದೂವರೆ ಕೆವಿಎ ಇನ್ವರ್ಟರ್ ಮತ್ತು ಎರಡು 150 ಎಎಚ್ ಬ್ಯಾಟರಿ ಇದ್ದರೆ ಒಂದು ಪೀರಿಯಡ್ ನಿರಾತಂಕವಾಗಿ ಮುಗಿಯುತ್ತದೆ, ಬ್ಯಾಟರಿ ಹೊಸದಿದ್ದರೆ ಎರಡನೆಯ ಪೀರಿಯಡ್ಡೂ ನಡೆಯುತ್ತದೆ. ಡೆಸ್ಕ್‌ಟಾಪ್‌ಗಳಿಗೆ ಬೇಕಾಗುವ ಇನ್ವರ್ಟರ್‌ನ ಬೆಲೆ ಕೇಳಿದರೆ ಥಿನ್ ಕ್ಲೈಂಟ್ ಏಕೆ ಅಗ್ಗ ಎಂಬುದು ಸಭೆಗೆ ತಾನಾಗಿ ಅರ್ಥವಾಗುತ್ತದೆ.

ಅಷ್ಟೂ ಹಣವಿಲ್ಲದಿದ್ದರೆ ಸರ್ವರ್ ಮತ್ತು ಸ್ವಿಚ್‌ಗೆ ಮಾತ್ರ ಯುಪಿಎಸ್ ಕೊಡಿ. ಕರೆಂಟ್ ಹೋದಾಗ ಥಿನ್ ಕ್ಲೈಂಟ್‌ಗಳು ಆರಿಹೋಗಲಿ. ಅವು ಓದುವ ವ್ಯವಸ್ಥೆ ಸರ್ವರ್‌ನಲ್ಲಿ ಬದಲಿಸಲಾಗದ ರೂಪದಲ್ಲಿರುತ್ತದೆ, ಹಾಗಾಗಿ ದಿಢೀರ್ ಆರಿದರೂ ಕೆಡುವಂಥದ್ದು ಪೆಟ್ಟಿಗೆಯೊಳಗೆ ಏನೂ ಇಲ್ಲ. ಮಗು ಉಳಿಸಿದ ಕಡತ ಸರ್ವರ್‌ನಲ್ಲಿರುತ್ತದೆ. ವಿಂಡೋಸ್ ಡೆಸ್ಕ್‌ಟಾಪ್ ಹತ್ತು ಸಲ ಹೀಗೆ ಆರಿದರೆ ಏನಾಗುತ್ತದೆ ಎಂಬುದನ್ನು ಲ್ಯಾಬ್ ನೋಡಿಕೊಂಡವರೆಲ್ಲ ಬಲ್ಲರು.

ಅರ್ಥಿಂಗ್ ಬಗ್ಗೆ ಉದಾಸೀನ ಬೇಡ. ನಮ್ಮ ಒಣ ಮಣ್ಣಿನಲ್ಲಿ ಬೇಸಿಗೆ ಬಂತೆಂದರೆ ಅರ್ಥಿಂಗ್ ಗುಂಡಿಯ ತೇವ ಆರುತ್ತದೆ, ಭೂಮಿಗೆ ಹರಿಯಬೇಕಾದ ವಿದ್ಯುತ್ತಿಗೆ ಅಡ್ಡಿಯಾಗುತ್ತದೆ. ಇದ್ದಿಲು, ಉಪ್ಪು ಹಾಕಿದ ಗುಂಡಿ ಇದೆಯೇ ನೋಡಿ, ವಾರಕ್ಕೊಮ್ಮೆ ನೀರು ಹಾಕುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಅದು ಎರಡು ಮೂರು ವೋಲ್ಟ್ ಮೀರಿದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಉಳಿದ ಮಾತು.

ಸರ್ವರ್ ಮತ್ತು ತಂತಿ

ಇಲ್ಲಿ ಒಂದು ನಿರ್ಧಾರವಿದೆ, ಇಡೀ ಲ್ಯಾಬಿನ ಬೆಲೆ ಅದರ ಮೇಲೆ ನಿಂತಿದೆ. ಥಿನ್ ಕ್ಲೈಂಟನ್ನು ಎರಡು ರೀತಿಯಲ್ಲಿ ನಡೆಸಬಹುದು. ಹಳೆಯ ರೀತಿಯಲ್ಲಿ ಎಲ್ಲ ಪ್ರೋಗ್ರಾಂ ಸರ್ವರ್‌ನಲ್ಲೇ ಓಡುತ್ತವೆ, ಮಗುವಿನ ಮುಂದೆ ಚಿತ್ರ ಮಾತ್ರ ಬರುತ್ತದೆ. ಇಪ್ಪತ್ತು ಮಕ್ಕಳು ಒಟ್ಟಿಗೆ ಬ್ರೌಸರ್ ತೆರೆದರೆ ಆ ಸರ್ವರ್‌ಗೆ 32 ಜಿಬಿ ರ‍್ಯಾಮ್ ಕೂಡ ಹೆಚ್ಚೇನಲ್ಲ. ವೀಡಿಯೊ ಬಂದರಂತೂ ಕಥೆ ಮುಗಿಯಿತು. 1366 ಪಿಕ್ಸೆಲ್ ಅಡ್ಡ, 768 ಪಿಕ್ಸೆಲ್ ಉದ್ದದ ಪರದೆಯನ್ನು ಸೆಕೆಂಡಿಗೆ 24 ಬಾರಿ, ಸಂಕುಚಿಸದೆ ಕಳಿಸಬೇಕಾದರೆ ಒಂದೇ ಆಸನಕ್ಕೆ ಸುಮಾರು 600 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಬೇಕು. ಸಂಕುಚಿಸಿ ಕಳಿಸಬಹುದು, ಆದರೆ ಆ ಶ್ರಮವೂ ಸರ್ವರ್‌ನ ಹೆಗಲಿಗೇ ಬೀಳುತ್ತದೆ.

ಎರಡನೆಯ ರೀತಿಯಲ್ಲಿ ಪೆಟ್ಟಿಗೆ ಜಾಲದ ಮೂಲಕ ಸರ್ವರ್‌ನಿಂದ ಬೂಟ್ ಆಗುತ್ತದೆ, ಅಂದರೆ ಆನ್ ಮಾಡಿದಾಗ ಕಾರ್ಯವ್ಯವಸ್ಥೆಯನ್ನು ಅಲ್ಲಿಂದ ತಂದುಕೊಂಡು ಏಳುತ್ತದೆ, ಆದರೆ ಪ್ರೋಗ್ರಾಂಗಳು ಪೆಟ್ಟಿಗೆಯ ಸ್ವಂತ ಪ್ರೊಸೆಸರ್, ಸ್ವಂತ ರ‍್ಯಾಮ್‌ನಲ್ಲಿ ಓಡುತ್ತವೆ. ಸರ್ವರ್‌ನ ಕೆಲಸ ಕಡತ ಒದಗಿಸುವುದು ಮತ್ತು ಮಕ್ಕಳ ಖಾತೆ ಕಾಯುವುದು. ಶಾಲೆಗೆ ನಾನು ಹೇಳುವುದು ಇದನ್ನೇ. ಇದಕ್ಕಿರುವ ಮುಕ್ತ ತಂತ್ರಾಂಶ ಎಲ್‌ಟಿಎಸ್‌ಪಿ, ಅಂದರೆ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್. 1999ರಲ್ಲಿ ಶುರುವಾದ ಈ ಯೋಜನೆಯನ್ನು 2019ರಲ್ಲಿ ಹೊಸದಾಗಿ ಬರೆಯಲಾಯಿತು. ಅಂತರ್ಜಾಲದಲ್ಲಿ ಸಿಗುವ ಹಳೆಯ ಸೂಚನೆಗಳು ಹೊಸ ಆವೃತ್ತಿಗೆ ಹೊಂದುವುದಿಲ್ಲ, 2019ಕ್ಕಿಂತ ಹಿಂದಿನವನ್ನು ಬದಿಗಿಡಿ. ಗ್ರೀಸ್‌ನ ಶಾಲೆಗಳ ಲ್ಯಾಬ್‌ಗಳಲ್ಲೂ ಇದು ಬಳಕೆಯಲ್ಲಿದೆ.

ಹೀಗೆ ನಡೆಸುವುದಾದರೆ ಸರ್ವರ್‌ಗೆ ಲಕ್ಷ ರೂಪಾಯಿ ಸುರಿಯಬೇಕಿಲ್ಲ. ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ ಇರುವ ಸಾಮಾನ್ಯ ಡೆಸ್ಕ್‌ಟಾಪ್ ಸಾಕು. ಮಕ್ಕಳ ಕಡತಗಳ ನಕಲಿಗೆ ಒಂದು ಹೊರಗಿನ ಹಾರ್ಡ್ ಡಿಸ್ಕ್ ಇರಲಿ. ಉಳಿಸಿದ ಹಣವನ್ನು ಸ್ವಿಚ್‌ಗೆ ಹಾಕಿ.

ಸ್ವಿಚ್ ಎಂದಾಗ ಗಿಗಾಬಿಟ್ (1,000 ಎಂಬಿಪಿಎಸ್) ಎಂದೇ ಬರೆಯಿರಿ. ಒಂದೇ ಕೆರೆಯ ನೀರು ಇಪ್ಪತ್ತು ಹೊಲಕ್ಕೆ ಹರಿಯಬೇಕು, ತೂಬು ಸಣ್ಣದಿದ್ದರೆ ಕೆರೆ ತುಂಬಿದ್ದೂ ವ್ಯರ್ಥ. ಲೆಕ್ಕ ಹಾಕಿ ನೋಡಿ. ಬೂಟ್ ಆಗುವಾಗ ಪ್ರತಿ ಪೆಟ್ಟಿಗೆ 300 ಎಂಬಿ ಓದುತ್ತದೆ ಎಂದುಕೊಳ್ಳಿ, ಇಪ್ಪತ್ತಕ್ಕೆ 6,000 ಎಂಬಿ. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಹಳೆಯ 100 ಎಂಬಿಪಿಎಸ್ ಸ್ವಿಚ್ ಸೆಕೆಂಡಿಗೆ ಹೆಚ್ಚೆಂದರೆ 12 ಎಂಬಿ ಸಾಗಿಸುತ್ತದೆ. ಎಲ್ಲ ಪೆಟ್ಟಿಗೆ ಏಳುವಷ್ಟರಲ್ಲಿ 500 ಸೆಕೆಂಡು, ಎಂಟು ನಿಮಿಷ ಮೀರಿತು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಐದನೆಯ ಒಂದು ಭಾಗ ಪರದೆ ನೋಡುತ್ತಾ ಕೂರುವುದರಲ್ಲೇ ಹೋಯಿತು. ಗಿಗಾಬಿಟ್ ಆದರೆ ಅದೇ ಕೆಲಸ ಸುಮಾರು ಒಂದು ನಿಮಿಷದ್ದು.

ತಂತಿ ಕ್ಯಾಟ್6 ಇರಲಿ, ಸ್ವಿಚ್‌ನಿಂದ ಆಸನಕ್ಕೆ 100 ಮೀಟರ್ ಮೀರಬಾರದು. ತಂತಿಯ ತುದಿಗೆ ಪ್ಲಗ್ ಕಚ್ಚಿಸುವವರು (ಕ್ರಿಂಪ್ ಮಾಡುವವರು) ಒಮ್ಮೊಮ್ಮೆ ಎಂಟು ಎಳೆಗಳಲ್ಲಿ ನಾಲ್ಕನ್ನಷ್ಟೇ ಜೋಡಿಸುತ್ತಾರೆ. ಸಂಪರ್ಕ ಬರುತ್ತದೆ, ಆದರೆ 100 ಎಂಬಿಪಿಎಸ್‌ಗೆ ನಿಲ್ಲುತ್ತದೆ, ಗಿಗಾಬಿಟ್‌ಗೆ ಎಂಟೂ ಬೇಕು. ಟೆಸ್ಟರ್ ಹಿಡಿದು ಎಂಟೂ ದೀಪ ಹೊತ್ತಿದ್ದನ್ನು ನೋಡಿಯೇ ಹಣ ಕೊಡಿ. ವೈಫೈ ಮೇಲೆ ಈ ಲ್ಯಾಬ್ ನಡೆಸುವ ಯೋಚನೆ ಬಿಡಿ.

ಈಗ ಪೆಟ್ಟಿಗೆ

ಪೇಟೆಗೆ ಹೋಗುವ ಮುಂಚೆ ಶಾಲೆಯ ಸ್ಟೋರ್ ರೂಮ್ ತೆರೆಯಿರಿ. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೆಯ ಯಂತ್ರಗಳನ್ನು ‘ಇನ್ನು ಪ್ರಯೋಜನವಿಲ್ಲ’ ಎಂದು ಮೂಲೆಗೆ ಸರಿಸಿರಬಹುದು. ಹಾರ್ಡ್ ಡಿಸ್ಕ್ ಸತ್ತಿದ್ದರೂ ಮದರ್‌ಬೋರ್ಡ್ ಬದುಕಿದ್ದರೆ ಅವು ಜಾಲದಿಂದ ಬೂಟ್ ಆಗುತ್ತವೆ. 64 ಬಿಟ್ ಪ್ರೊಸೆಸರ್ ಮತ್ತು 4 ಜಿಬಿ ರ‍್ಯಾಮ್ ಇದ್ದರೆ ಅವನ್ನೇ ಕ್ಲೈಂಟ್ ಮಾಡಿ. ಕರೆಂಟ್ ಹೆಚ್ಚು ತಿನ್ನುತ್ತವೆ ನಿಜ. ಆದರೂ ಐದಾರು ಆಸನ ಪುಕ್ಕಟೆಯಾಗಿ ಸಿಕ್ಕರೆ ಬಿಡುವುದೇಕೆ?

ಕೊಳ್ಳುವ ಪೆಟ್ಟಿಗೆಯಲ್ಲಿ ಮೊದಲು ನೋಡಬೇಕಾದದ್ದು ಅದು ನಿಜವಾದ ಕಂಪ್ಯೂಟರ್ ಹೌದೋ ಅಲ್ಲವೋ ಎಂಬುದು. ‘ಝೀರೊ ಕ್ಲೈಂಟ್’ ಎಂಬ ಇನ್ನೊಂದು ಜಾತಿ ಇದೆ. ಹೊರಗಿನಿಂದ ಥಿನ್ ಕ್ಲೈಂಟ್‌ನಂತೆಯೇ ಕಾಣುತ್ತದೆ. ಒಳಗಿರುವುದು ನಿರ್ದಿಷ್ಟ ಬಗೆಯ ಸರ್ವರ್ ತಂತ್ರಾಂಶದ ಜೊತೆ ಮಾತ್ರ ಮಾತನಾಡುವ ಚಿಪ್, ಅದರ ಮೇಲೆ ಲಿನಕ್ಸ್ ಹಾಕಲು ಬರುವುದಿಲ್ಲ. ಎಚ್‌ಪಿ ಟಿ310, ಡೆಲ್ ವೈಸ್ ಪಿ25, ವೈಸ್ 5030 ಈ ಜಾತಿಯವು. ಹಳೆಯ ಸಾಮಾನಿನ ರಾಶಿಯಲ್ಲಿ ಇವು ತೀರಾ ಅಗ್ಗವಾಗಿ ಕಾಣಿಸಿಕೊಳ್ಳುವುದು ಅದಕ್ಕೇ. ಪೆಟ್ಟಿಗೆಯ ಅಡಿಯ ಲೇಬಲ್ ಓದದೆ ಮುಂಗಡ ಕೊಡಬೇಡಿ. ಒಂದು ಕಂಪ್ಯೂಟರಿಗೆ ನಾಲ್ಕೈದು ಮಾನಿಟರ್ ಜೋಡಿಸುತ್ತೇವೆ ಎಂದು ಪರವಾನಗಿ ಸಹಿತ ಮಾರುವ ಪೆಟ್ಟಿಗೆಗಳಿಗೂ ಇದೇ ಮಾತು. ಮಾರಿದ ಕಂಪನಿ ಕೈಬಿಟ್ಟ ದಿನ ಶಾಲೆಯ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನು ಕೆಲಸಕ್ಕೆ ಬರುವ ಮಾದರಿಗಳು. ಎಚ್‌ಪಿ ಟಿ620, ಅದರ ಮುಂದಿನ ಟಿ630, ಡೆಲ್ ವೈಸ್ 5060, ವೈಸ್ 5070 ಇವೆಲ್ಲ 64 ಬಿಟ್, ಫ್ಯಾನ್ ಇಲ್ಲದವು, ರ‍್ಯಾಮ್ ಬದಲಿಸಬಹುದಾದವು. ಟಿ620ಗೆ ಲ್ಯಾಪ್‌ಟಾಪ್‌ನ ಡಿಡಿಆರ್3ಎಲ್ ರ‍್ಯಾಮ್ ಬೇಕು, ಟಿ630 ಮತ್ತು 5070ಗೆ ಡಿಡಿಆರ್4. ಸ್ಕ್ರ್ಯಾಚ್, ಜಿಯೋಜೀಬ್ರಾ, ವೀಡಿಯೊ ಮೂರೂ ಬೇಕೆನ್ನುವ ಪ್ರೌಢಶಾಲೆಗೆ ನಾಲ್ಕು ಕೋರ್‌ನ ಟಿ630 ಅಥವಾ 5060ರ ಮಟ್ಟದ ಯಂತ್ರವೇ ಸರಿ ಎಂಬುದು ನನ್ನ ಅಭಿಪ್ರಾಯ. 5070 ಸಿಕ್ಕರೆ ಇನ್ನೂ ಒಳ್ಳೆಯದು, ಬೆಲೆಯೂ ಹಾಗೆಯೇ ಇರುತ್ತದೆ.

ವೈಸ್ 3040 ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಅಂಗೈಯಗಲದ ಆ ಪೆಟ್ಟಿಗೆಯನ್ನು ನೋಡಿದವರೆಲ್ಲ ಮರುಳಾಗುತ್ತಾರೆ. ಕರೆಂಟ್ ತೀರಾ ಕಡಿಮೆ, ಮಾನಿಟರ್ ಬೆನ್ನಿಗೆ ಅಂಟಿಸಿದರೆ ಕಾಣುವುದೂ ಇಲ್ಲ. ಆದರೆ ಇರುವುದು 2 ಜಿಬಿ ರ‍್ಯಾಮ್, ಅದೂ ಬೋರ್ಡಿಗೆ ಬೆಸುಗೆ ಹಾಕಿದ್ದು, ಹೆಚ್ಚಿಸಲಾಗದು. ಟೈಪಿಂಗ್, ಟಕ್ಸ್ ಪೇಂಟ್‌ಗೆ ಸಾಕು, ಎರಡು ಮೂರು ಟ್ಯಾಬ್ ತೆರೆದ ಬ್ರೌಸರ್‌ಗೆ ಏದುಸಿರು. ಪ್ರಾಥಮಿಕ ಶಾಲೆಗೆ ಕೊಳ್ಳಬಹುದು, ಪ್ರೌಢಶಾಲೆಗೆ ಬೇಡ. ಇದರ ಅಡಾಪ್ಟರ್‌ನಲ್ಲಿ 5 ವೋಲ್ಟ್, 12 ವೋಲ್ಟ್ ಎಂದು ಎರಡು ಬಗೆ ಇವೆ. ಲೇಬಲ್ ನೋಡದೆ 5 ವೋಲ್ಟ್ ಪೆಟ್ಟಿಗೆಗೆ 12 ವೋಲ್ಟ್ ಚುಚ್ಚಿದರೆ ಅದನ್ನು ಸುಟ್ಟಂತೆಯೇ.

ರಾಸ್ಪ್‌ಬೆರಿ ಪೈ ಕೊಳ್ಳೋಣವೇ ಎಂದು ಯುವ ಶಿಕ್ಷಕರು ಕೇಳುತ್ತಾರೆ. ಕೀಬೋರ್ಡ್‌ನೊಳಗೇ ಕಂಪ್ಯೂಟರ್ ಅಡಗಿರುವ ಪೈ 400 ಮಕ್ಕಳಿಗೆ ಬಲು ಇಷ್ಟವಾಗುತ್ತದೆ, ಎಲೆಕ್ಟ್ರಾನಿಕ್ಸ್ ಪ್ರಯೋಗಕ್ಕೆ ಅದರಷ್ಟು ಒಳ್ಳೆಯದು ಬೇರಿಲ್ಲ. ಆದರೆ ಅದರದು ಎಆರ್‌ಎಂ ಎಂಬ ಬೇರೆಯೇ ಜಾತಿಯ ಪ್ರೊಸೆಸರ್. ಉಳಿದ ಪೆಟ್ಟಿಗೆಗಳಿಗೆ ಮಾಡಿದ ಬೂಟ್ ಇಮೇಜ್ (ಪೆಟ್ಟಿಗೆಗಳು ಬೂಟ್ ಆಗಲು ಬಳಸುವ ಇಡೀ ವ್ಯವಸ್ಥೆಯ ನಕಲು) ಅದರಲ್ಲಿ ನಡೆಯುವುದಿಲ್ಲ, ಇನ್ನೊಂದನ್ನು ಬೇರೆಯಾಗಿ ಸಾಕಬೇಕು. ಒಂದು ಲ್ಯಾಬಿಗೆ ಒಂದೇ ಜಾತಿ ಇಟ್ಟುಕೊಳ್ಳಿ. ವಿಜ್ಞಾನ ಕೊಠಡಿಗೆ ಬೇಕಿದ್ದರೆ ಪೈ ಎರಡು ತನ್ನಿ.

ಒಂದನ್ನು ತಂದು ಪರೀಕ್ಷಿಸಿ

ಇಪ್ಪತ್ತರ ಆರ್ಡರ್‌ಗೆ ಮುನ್ನ ಒಂದನ್ನು ಶಾಲೆಗೆ ತರಿಸಿ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯಾಗಲಿ, ದಾವಣಗೆರೆಯ ವ್ಯಾಪಾರಿಯಾಗಲಿ, ಒಂದನ್ನು ಪರೀಕ್ಷೆಗೆ ಕೊಡಲು ಒಪ್ಪದವರ ಬಳಿ ಇಪ್ಪತ್ತು ಕೊಳ್ಳಬೇಡಿ. ಅಂಗಡಿಯ ತಂಪಿನಲ್ಲಿ ಓಡಿದ್ದು ಏಪ್ರಿಲ್‌ನ ತಗಡಿನ ಸೂರಿನಡಿ ಓಡುತ್ತದೆಯೇ ಎಂಬುದನ್ನು ಅಲ್ಲೇ ನೋಡಬೇಕು. ಮಧ್ಯಾಹ್ನ ಎರಡು ಗಂಟೆ ಸತತವಾಗಿ ವೀಡಿಯೊ ಹಾಕಿಡಿ, ತಡವರಿಸುತ್ತದೆಯೇ ಗಮನಿಸಿ. ಪ್ರತಿ ಯುಎಸ್‌ಬಿ ಕಿಂಡಿಗೂ ಮೌಸ್ ಚುಚ್ಚಿ, ಹೆಡ್‌ಫೋನ್ ಹಾಕಿ ಕೇಳಿ.

ಬಯಾಸ್, ಅಂದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟ, ತೆರೆಯಿರಿ. ಹಳೆಯ ಕಚೇರಿಯವರು ಹಾಕಿದ ಪಾಸ್‌ವರ್ಡ್ ಹಾಗೆಯೇ ಉಳಿದಿದ್ದರೆ ಬೂಟ್ ಕ್ರಮ ಬದಲಿಸಲಾಗುವುದಿಲ್ಲ, ತೆಗೆಸಿಕೊಟ್ಟ ಮೇಲೇ ಮಾತು. ಪಿಎಕ್ಸ್‌ಇ ಎಂದು ಕರೆಯುವ ಜಾಲದ ಬೂಟನ್ನು ಮೊದಲ ಸ್ಥಾನಕ್ಕೆ ತಂದು, ನಿಮ್ಮದೇ ಸರ್ವರ್‌ನಿಂದ ಏಳಿಸಿ ನೋಡಿ.

ಆಮೇಲೆ ರಾತ್ರಿಯಿಡೀ ಪ್ಲಗ್ ಕಿತ್ತಿಟ್ಟು ಬೆಳಿಗ್ಗೆ ಗಡಿಯಾರ ನೋಡಿ. ತಾರೀಖು ಹತ್ತು ವರ್ಷ ಹಿಂದಕ್ಕೆ ಹೋಗಿದ್ದರೆ ಒಳಗಿನ ಸಿಆರ್2032 ನಾಣ್ಯದ ಬ್ಯಾಟರಿ ಸತ್ತಿದೆ. ಹಳೆಯ ಪೆಟ್ಟಿಗೆಗಳಲ್ಲಿ ಇದು ತೀರಾ ಸಾಮಾನ್ಯ. ಬ್ಯಾಟರಿ ಸತ್ತರೆ ಪೆಟ್ಟಿಗೆ ಬೂಟ್ ಕ್ರಮವನ್ನು ಮರೆಯಬಹುದು. ತಾರೀಖು ತಪ್ಪಿದ್ದರೆ ಬ್ರೌಸರ್ ಒಂದೊಂದು ಜಾಲತಾಣಕ್ಕೂ ‘ಸುರಕ್ಷಿತವಲ್ಲ’ ಎಂದು ತಡೆ ಹಾಕುತ್ತದೆ. ಇಂಟರ್ನೆಟ್ ಕೆಟ್ಟಿದೆ ಎಂದು ಗಂಟೆಗಟ್ಟಲೆ ಹುಡುಕಾಡಿದವರಿದ್ದಾರೆ, ಗಡಿಯಾರದ ಅಂಗಡಿಯಲ್ಲಿ ಸಿಗುವ ಬ್ಯಾಟರಿಯಿಂದ ಅದು ಸರಿಹೋಗುತ್ತದೆ. ಎಲ್ಲ ಪೆಟ್ಟಿಗೆಗೂ ಹೊಸ ಬ್ಯಾಟರಿ ಹಾಕಿಕೊಡಬೇಕು ಎಂದು ವ್ಯಾಪಾರಿಯಿಂದ ಬರೆಸಿಕೊಳ್ಳಿ.

ಕೊಟೇಶನ್

ಬೆಲೆ ವಾರವಾರಕ್ಕೆ ಬದಲಾಗುತ್ತದೆ, ಹಾಗಾಗಿ ಇಲ್ಲಿ ಅಂಕಿ ಬರೆದರೆ ನಿಮಗೆ ತಪ್ಪು ದಾರಿ ತೋರಿದಂತೆ. ಹೋಲಿಸುವ ಕ್ರಮ ಹೇಳುತ್ತೇನೆ. ಪೆಟ್ಟಿಗೆಯ ಬೆಲೆ ಕೇಳಬೇಡಿ, ಒಂದು ಆಸನದ ಬೆಲೆ ಕೇಳಿ. ಪೆಟ್ಟಿಗೆ, ಅಡಾಪ್ಟರ್, ರ‍್ಯಾಮ್, ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲ ಸೇರಿಸಿ. ಟಿ630, 3040ರಂಥವುಗಳಲ್ಲಿ ಮಾನಿಟರ್‌ಗೆ ಇರುವುದು ಡಿಸ್‌ಪ್ಲೇಪೋರ್ಟ್ ಎಂಬ ಕಿಂಡಿ ಮಾತ್ರ. ಶಾಲೆಯ ಹಳೆಯ ಮಾನಿಟರ್‌ನಲ್ಲಿ ಹಳೆಯ ಬಗೆಯ ವಿಜಿಎ ಕಿಂಡಿ ಇದ್ದರೆ ಆಸನಕ್ಕೊಂದು ಪರಿವರ್ತಕ ಬೇಕು. ಇದನ್ನು ಕೊಟೇಶನ್‌ನಲ್ಲಿ ಸೇರಿಸದವರದು ಅಗ್ಗವಾಗಿ ಕಾಣುತ್ತದೆ, ಆಮೇಲೆ ಬಿಲ್ ಬೆಳೆಯುತ್ತದೆ.

ಬ್ರ್ಯಾಂಡ್ ಬರೆಯದೆ ಗುಣ ಬರೆಯಿರಿ: 64 ಬಿಟ್ ಎಕ್ಸ್86 (ಸಾಮಾನ್ಯ ಪಿಸಿಯ ಪ್ರೊಸೆಸರ್ ಜಾತಿ), ನಾಲ್ಕು ಕೋರ್, ಬದಲಿಸಬಹುದಾದ 4 ಜಿಬಿ ರ‍್ಯಾಮ್, ಗಿಗಾಬಿಟ್ ಪೋರ್ಟ್, ಜಾಲದ ಬೂಟ್, ಫ್ಯಾನ್ ಇಲ್ಲದ್ದು, ಬಯಾಸ್ ಪಾಸ್‌ವರ್ಡ್ ಇಲ್ಲದ್ದು, ಯಾವುದೇ ಪರವಾನಗಿ ತಂತ್ರಾಂಶ ಬೇಡದ್ದು, ಒಂದು ವರ್ಷದ ವಾರಂಟಿ. ಎಲ್ಲ ಒಂದೇ ಮಾದರಿ ಇರಬೇಕು ಎಂದೂ ಸೇರಿಸಿ. ಇಲಾಖೆಯ ಅನುದಾನದಲ್ಲಿ ಬಳಸಿದ ಸಾಮಾನು ಕೊಳ್ಳುವುದಾದರೆ ಬಿಇಒ ಕಚೇರಿಗೆ ಮುಂಚೆಯೇ ಬರೆದು ಲಿಖಿತ ಅನುಮತಿ ಪಡೆಯಿರಿ. ಹಳೆಯ ವಿದ್ಯಾರ್ಥಿಗಳು ಅಥವಾ ದಾನಿಗಳು ಕೊಡಿಸುವುದಾದರೆ ಸೀರಿಯಲ್ ನಂಬರ್ ಸಹಿತ ಬಿಲ್ ಇರಲಿ, ದಾಸ್ತಾನು ವಹಿಯಲ್ಲಿ ಅದೇ ದಿನ ಏರಿಸಿ.

ಜೋಡಿಸುವಾಗ

ಅನುಸ್ಥಾಪನೆಯ ಪೂರ್ಣ ವಿವರ ಎಲ್‌ಟಿಎಸ್‌ಪಿ ಜಾಲತಾಣದಲ್ಲಿದೆ. ಸರ್ವರ್‌ಗೆ ಡೆಬಿಯನ್ ಅಥವಾ ಉಬುಂಟು ಮಾಟೆ ಎಂಬ ಲಿನಕ್ಸ್ ಹಾಕಿ, ಮಕ್ಕಳಿಗೆ ಬೇಕಾದ ಎಲ್ಲವನ್ನೂ ಅದರಲ್ಲೇ ಕೂರಿಸಿ, ಅದರ ಇಮೇಜ್ ಮಾಡಿದರೆ ಆ ಇಮೇಜ್ ಎಲ್ಲ ಪೆಟ್ಟಿಗೆಗೂ ಹೋಗುತ್ತದೆ. ಶಾಲೆಯ ರೂಟರ್ ಮುಟ್ಟಬೇಕಿಲ್ಲ, ಪೆಟ್ಟಿಗೆಗಳಿಗೆ ಬೂಟ್‌ನ ದಾರಿ ತೋರುವ ಡಿಎನ್‌ಎಸ್‌ಮಾಸ್ಕ್ ತಂತ್ರಾಂಶ ಅದರ ಪಕ್ಕದಲ್ಲೇ ಕೆಲಸ ಮಾಡುತ್ತದೆ. ಹೊಸಬರು ಎಡವುವುದು ಒಂದು ಕಡೆ. ಹೊಸ ಮಕ್ಕಳ ಖಾತೆ ತೆರೆದ ಮೇಲೆ ‘ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ’ (ltsp initrd) ಆದೇಶವನ್ನು ಮತ್ತೊಮ್ಮೆ ಕೊಡಬೇಕು, ಕೊಡದಿದ್ದರೆ ಆ ಮಕ್ಕಳಿಗೆ ಲಾಗಿನ್ ಆಗುವುದಿಲ್ಲ. ಜೂನ್‌ನಲ್ಲಿ ಎಂಟನೇ ತರಗತಿಗೆ ಹೊಸಬರು ಬಂದಾಗ ನೆನಪಿರಲಿ, ಸರ್ವರ್ ಮೇಲೆ ಚೀಟಿ ಅಂಟಿಸಿಡಿ.

ಎಪಾಪ್ಟಿಸ್ ಎಂಬ ತಂತ್ರಾಂಶವನ್ನು ತಪ್ಪದೆ ಹಾಕಿ. ಇಪ್ಪತ್ತೂ ಪರದೆಗಳು ಶಿಕ್ಷಕರ ಮುಂದೆ ಕಾಣುತ್ತವೆ, ತಮ್ಮ ಪರದೆಯನ್ನು ಎಲ್ಲರಿಗೂ ತೋರಿಸಬಹುದು, ಗಂಟೆ ಹೊಡೆದಾಗ ಎಲ್ಲವನ್ನೂ ಒಟ್ಟಿಗೆ ಆರಿಸಬಹುದು. ಇಂಟರ್ನೆಟ್ ನೆಚ್ಚಲಾಗದ ಊರಾದರೆ ಕಿವಿಕ್ಸ್ ಮೂಲಕ ಕನ್ನಡ ವಿಕಿಪೀಡಿಯವನ್ನು ಸರ್ವರ್‌ಗೆ ಇಳಿಸಿಕೊಳ್ಳಿ, ಸಂಪರ್ಕ ಇಲ್ಲದ ದಿನವೂ ಮಕ್ಕಳು ಓದುತ್ತಾರೆ.

ಪೆಟ್ಟಿಗೆಗಳನ್ನು ನಿಲ್ಲಿಸಿಡಿ, ಮಲಗಿಸಬೇಡಿ. ದೂಳಿಗೆ ಹೆದರಿ ಮೇಲೆ ಕಸೂತಿ ಬಟ್ಟೆ ಹೊದಿಸುವ ಪದ್ಧತಿ ನಮ್ಮ ಕಡೆ ಇದೆ. ಯಂತ್ರ ಓಡುವಾಗ ಆ ಬಟ್ಟೆ ತೆಗೆದಿರಲೇಬೇಕು, ಫ್ಯಾನ್ ಇಲ್ಲದ ಪೆಟ್ಟಿಗೆಗೆ ಮೈಮೇಲಿನ ಗಾಳಿಯೇ ಆಧಾರ. ದುರ್ಗದ ಗಾಳಿ ಬೀಸುವ ತಿಂಗಳುಗಳಲ್ಲಿ ಕಿಟಕಿಗೆ ಸೊಳ್ಳೆ ಪರದೆ ಬಿಗಿದರೆ ದೂಳು ಎಷ್ಟೋ ತಗ್ಗುತ್ತದೆ. ಮುಂಗಾರು ಪೂರ್ವದ ಗುಡುಗು ಮಳೆಯ ದಿನಗಳಲ್ಲಿ ಸಂಜೆ ಹೊರಡುವ ಮುನ್ನ ನೆಟ್‌ವರ್ಕ್ ಸ್ವಿಚ್‌ನ ಪ್ಲಗ್ ಕೀಳಿ.

ಇಪ್ಪತ್ತು ಆಸನಕ್ಕೆ ಇಪ್ಪತ್ತೆರಡು ಪೆಟ್ಟಿಗೆ, ನಾಲ್ಕು ಹೆಚ್ಚುವರಿ ಅಡಾಪ್ಟರ್ ಕೊಳ್ಳಿ. ಒಂದು ಕೆಟ್ಟರೆ ತಂತಿ ಬಿಚ್ಚಿ ಬೀರುವಿನಲ್ಲಿರುವುದನ್ನು ಜೋಡಿಸಿ ಆನ್ ಮಾಡಿದರೆ ಸಾಕು. ಬೂಟ್ ಕ್ರಮ ಬಿಟ್ಟರೆ ಯಾವ ಸೆಟ್ಟಿಂಗೂ ಪೆಟ್ಟಿಗೆಯೊಳಗಿಲ್ಲವಾದ್ದರಿಂದ ಮಗು ಲಾಗಿನ್ ಆದೊಡನೆ ತನ್ನ ಕಡತಗಳನ್ನೇ ಕಾಣುತ್ತದೆ. ಬೀರುವಿಗೆ ಇಡುವ ಮುನ್ನ ಹೆಚ್ಚುವರಿ ಪೆಟ್ಟಿಗೆಗಳಲ್ಲೂ ಬೂಟ್ ಕ್ರಮ ಸರಿಮಾಡಿಡಿ. ಬದಲಿಸುವ ಕೆಲಸವನ್ನು ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರಿಗೂ ಇಬ್ಬರು ಹುಡುಗರಿಗೂ ಕಲಿಸಿ, ಅವರು ಇನ್ನೊಂದು ವರ್ಷ ಶಾಲೆಯಲ್ಲಿರುತ್ತಾರೆ. ಹತ್ತನೇ ತರಗತಿ ಮುಗಿಸುವ ಮುನ್ನ ಅವರೇ ಮುಂದಿನ ನಾಲ್ವರಿಗೆ ಕಲಿಸಲಿ. ಕೆಟ್ಟ ಪೆಟ್ಟಿಗೆಗೆ ತಾರೀಖು, ಆಸನದ ಸಂಖ್ಯೆ, ಏನಾಯಿತು ಎಂಬ ಚೀಟಿ ಕಟ್ಟಿ ಪಕ್ಕಕ್ಕಿಡಿ. ವಾರಂಟಿಯೊಳಗಿದ್ದರೆ ವ್ಯಾಪಾರಿಗೆ ಹಿಂದಿರುಗಿಸಿ. ಇಲ್ಲದಿದ್ದರೆ ರ‍್ಯಾಮ್, ಅಡಾಪ್ಟರ್ ತೆಗೆದಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಟ್ಟು, ರಸೀದಿಯನ್ನು ದಾಸ್ತಾನು ವಹಿಗೆ ಅಂಟಿಸಿ.